ಹಿತ್ತಿಲಿಗೆ ಜಿಂಕೆ ಬಂದರೆ: ಮಾಡಬೇಕಾದ್ದು, ಮಾಡಬಾರದ್ದು

ಮಲೆನಾಡಿನ ಕಾಡಂಚಿನ ಮನೆಗಳವರ ಗಮನಕ್ಕೆ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಪಾಲಿಸಿ.

ಕಾಡಿನ ಹುಲ್ಲು ಒಣಗಿದಾಗ ಜಿಂಕೆ, ಕಡವೆ, ಕಾಡುಕುರಿ ಹಿತ್ತಿಲಿಗೆ ಇಳಿಯುತ್ತವೆ. ಅವುಗಳ ಮೈಯಿಂದ ಉಣುಗು ಉದುರುತ್ತದೆ. ಮಂಗನ ಕಾಯಿಲೆ ಹರಡುವ ಮರಿ ಉಣುಗು ಹೆಚ್ಚುವುದೂ ಇದೇ ತಿಂಗಳುಗಳಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗವನ್ನು ಗುಣಪಡಿಸುವ ನಿರ್ದಿಷ್ಟ ಔಷಧ ಇಂದಿಗೂ ಇಲ್ಲ. ಜೀವ ಹೋಗಲೂಬಹುದು.

ಮಾಡಬೇಕಾದ್ದು

• ಮಕ್ಕಳನ್ನು ಒಳಗೆ ಕರೆದುಕೊಳ್ಳಿ.
• ನಾಯಿಯನ್ನು ಕಟ್ಟಿಹಾಕಿ.
• ಜಿಂಕೆ ಬಂದ ದಾರಿಯನ್ನು ಅದಕ್ಕೆ ಬಿಟ್ಟುಕೊಡಿ.
• ತರಕಾರಿ ಮಡಿಯ ಸುತ್ತ ಎಂಟು ಅಡಿ ಎತ್ತರದ ಜಾಲರಿ ಬೇಲಿ ಹಾಕಿ.
• ತೆರೆದ ಬಾವಿಗೆ ಕಟ್ಟೆ ಕಟ್ಟಿಸಿ.
• ಉದುರಿದ ಹಣ್ಣನ್ನು ಅಂದಂದೇ ಹೆಕ್ಕಿ.
• ಮನೆಯ ಸುತ್ತಲಿನ ದರಗು ಗುಡಿಸಿ.
• ಹಿತ್ತಿಲಿಗೆ, ತೋಟಕ್ಕೆ ಹೋಗುವಾಗ ಮೈತುಂಬ ಬಟ್ಟೆ ತೊಡಿ.
• ಕೈಕಾಲಿಗೆ ಉಣುಗು ಕಚ್ಚದಂತೆ ತಡೆಯುವ ಡೆಪಾ ತೈಲ ಹಚ್ಚಿ.
• ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪು ಬಳಸಿ ಸ್ನಾನ ಮಾಡಿ.
• ತೊಟ್ಟಿದ್ದ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ.
• ಕಂಕುಳು, ತೊಡೆಸಂದು, ಕಿವಿಯ ಹಿಂಬದಿಯಲ್ಲಿ ಉಣುಗು ಹುಡುಕಿ.
• ಕಚ್ಚಿಕೊಂಡ ಉಣುಗನ್ನು ಚಿಮುಟದಿಂದ, ಚರ್ಮಕ್ಕೆ ತಾಗಿದಂತೆ ಹಿಡಿದು, ನೇರವಾಗಿ ಎಳೆಯಿರಿ.
• ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿ. ಆ ರೋಗ ಜಿಂಕೆಗೂ ತಗಲುತ್ತದೆ.
• ಜಿಂಕೆ ಗಾಯಗೊಂಡಿದ್ದರೆ, ಬಾವಿಗೆ ಬಿದ್ದಿದ್ದರೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.
• ಸತ್ತ ಮಂಗ ಕಂಡರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಮಾಡಬಾರದ್ದು

• ಅನ್ನ, ಬ್ರೆಡ್ಡು, ಹಿಟ್ಟು ಹಾಕುವುದು ಬೇಡ. ಹೊಟ್ಟೆ ಹುಳಿಯೇರಿ ಜಿಂಕೆ ಸಾಯುತ್ತದೆ.
• ಉಪ್ಪು ಇಟ್ಟು ಕರೆಯುವುದು ಬೇಡ.
• ಎಂಜಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯುವುದು ಬೇಡ. ಚೀಲವನ್ನೂ ತಿನ್ನುತ್ತದೆ.
• ಫೋಟೊಗೆಂದು ಹತ್ತಿರ ಹೋಗುವುದು ಬೇಡ. ಗಂಡು ಜಿಂಕೆ ಕೊಂಬಿನಿಂದ ತಿವಿಯುತ್ತದೆ.
• ಅಟ್ಟಿಸಿಕೊಂಡು ಹೋಗಬಾರದು. ಬೆದರಿ ಓಡಿದ ಜಿಂಕೆ ಗಾಯವಿಲ್ಲದೆಯೂ ಸಾಯಬಹುದು.
• ಒಂಟಿ ಮರಿಯನ್ನು ಎತ್ತಿ ತರಬಾರದು. ತಾಯಿ ಮೇಯಲು ಹೋಗಿರುತ್ತದೆ.
• ಮನೆಯ ಕರೆಂಟನ್ನು ಬೇಲಿಗೆ ಹರಿಸಬಾರದು. ತಗಲಿದ ಮನುಷ್ಯನೂ ಸಾಯುತ್ತಾನೆ.
• ನೈಲಾನ್ ಬಲೆಯನ್ನು ಸಡಿಲವಾಗಿ ಬಿಡಬಾರದು. ಕೊಂಬು ಸಿಕ್ಕಿಕೊಳ್ಳುತ್ತದೆ.
• ಉರುಳು ಒಡ್ಡಬಾರದು.
• ಸೊಪ್ಪಿಗೆ, ಕಾಯಿಗೆ ವಿಷ ಸವರಬಾರದು.
• ಸತ್ತ ಜಿಂಕೆಯನ್ನು ಬರಿಗೈಯಲ್ಲಿ ಮುಟ್ಟಬಾರದು.
• ಜಿಂಕೆ ಮಲಗಿದ್ದ ಜಾಗದಲ್ಲಿ ಕೂರಬಾರದು.
• ಉಣುಗನ್ನು ಉಗುರಿನಿಂದ ಹಿಸುಕಬಾರದು.
• ಕತ್ತಲಲ್ಲಿ ಒಬ್ಬರೇ ಹಿತ್ತಿಲಿಗೆ ಇಳಿಯುವುದು ಬೇಡ. ಜಿಂಕೆಯ ಜಾಡು ಹಿಡಿದು ಚಿರತೆ ಬರುತ್ತದೆ.
• ಜ್ವರ ಬಂದರೆ ಮಾತ್ರೆ ನುಂಗಿ ಕಾಯುವುದು ಬೇಡ.

ಕಾನೂನು

ಜಿಂಕೆಯನ್ನು ಕೊಲ್ಲುವುದು, ಹಿಡಿಯುವುದು, ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಜೈಲು ಶಿಕ್ಷೆ ಇದೆ.

ಜ್ವರ ಬಂದರೆ

ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವು, ಮೂಗು ಅಥವಾ ವಸಡಿನಲ್ಲಿ ರಕ್ತ. ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಉಣುಗು ಕಚ್ಚಿದ್ದನ್ನು, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ರಕ್ತಪರೀಕ್ಷೆ ಜ್ವರದ ಮೊದಲ ದಿನಗಳಲ್ಲೇ ಆಗಬೇಕು. ತಡ ಮಾಡಬೇಡಿ.