ಸ್ಟೀರಿಂಗ್ ಪಕ್ಕದ ಗೇರು

ಪ್ರಶ್ನೆ: ಹಳೆಯ ಫಿಯಟ್, ಅಂಬಾಸಿಡರ್ ಕಾರುಗಳಲ್ಲಿ ಗೇರು ಸ್ಟೀರಿಂಗ್ ಪಕ್ಕದಲ್ಲೇ ಇರುತ್ತಿತ್ತಂತೆ. ಹಾಗೇಕೆ ಇಟ್ಟಿದ್ದರು? ಹಾಕುವುದು ಕಷ್ಟವಾಗುತ್ತಿರಲಿಲ್ಲವೇ?

ಉತ್ತರ: ಮುಂದೆ ಮೂವರು ಕೂರಲಿ ಎಂದು ಹಾಗಿಟ್ಟರು. ಆ ಕಾರುಗಳಲ್ಲಿ ಮುಂದಿನದೂ ಬಾಗಿಲಿಂದ ಬಾಗಿಲವರೆಗಿನ ಒಂದೇ ಉದ್ದ ಸೀಟು. ನಡುವೆ ನೆಲದಿಂದ ಗೇರಿನ ಕೋಲು ಎದ್ದು ನಿಂತರೆ ಮೂರನೆಯವರು ಕಾಲಿಡುವುದೆಲ್ಲಿ? ಅಮೆರಿಕದ ಕಂಪನಿಗಳು 1930ರ ದಶಕದ ಕೊನೆಗೆ ಅದನ್ನು ಸ್ಟೀರಿಂಗ್ ಕಂಬಕ್ಕೆ ಏರಿಸಿದವು. 1938ರ ಕ್ಯಾಡಿಲಾಕ್‌ನಲ್ಲಿ ಅದಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನವರೂ ಇದೇ ದಾರಿ ಹಿಡಿದರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ನಮ್ಮಲ್ಲಿ ಅಂಬಾಸಿಡರ್ ಆಯಿತು, ಇಟಲಿಯ ಫಿಯಟ್ 1100 ಮುಂದೆ ಪ್ರೀಮಿಯರ್ ಪದ್ಮಿನಿ ಆಯಿತು. ಗೇರೂ ಅವುಗಳ ಜೊತೆಗೇ ಬಂತು.

ನಮ್ಮ ಮನೆಯಲ್ಲಿದ್ದದ್ದು ಪದ್ಮಿನಿ. ಅಪ್ಪ ಅಮ್ಮನ ನಡುವಿನ ಜಾಗ ನನ್ನದು. ಅಪ್ಪನ ಎಡಗೈ ಗೇರಿನ ಮೇಲೆ ಹೋಗುವುದನ್ನು ಅಷ್ಟು ಹತ್ತಿರದಿಂದ ನೋಡುವ ಭಾಗ್ಯ ಹಿಂದೆ ಕೂತ ಅಣ್ಣನಿಗಿರಲಿಲ್ಲ!

ನೆಲದ ಗೇರಿನ ಎಚ್ ಅಕ್ಷರವನ್ನು ಎತ್ತಿ ನಿಲ್ಲಿಸಿಕೊಳ್ಳಿ, ಅದೇ ಇದರ ದಾರಿ. ಕೋಲನ್ನು ನಿಮ್ಮತ್ತ ಎಳೆದೋ ಆಚೆ ಬಿಟ್ಟೋ ಸಾಲು ಆರಿಸಿಕೊಳ್ಳಬೇಕು. ಆಮೇಲೆ ಮೇಲಕ್ಕೋ ಕೆಳಕ್ಕೋ ಒತ್ತಿದರೆ ಗೇರು ಬೀಳುತ್ತದೆ. ಕೈಗೆ ಇದು ಬೇಗ ಒಗ್ಗುತ್ತದೆ. ನಿಜವಾದ ಕಷ್ಟ ಒಂದನೇ ಗೇರಿನದು. ಫಿಯಟ್‌ನಲ್ಲಿ ಎರಡು, ಮೂರು, ನಾಲ್ಕಕ್ಕೆ ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೋಮೆಶ್ ಇತ್ತು, ಒಂದಕ್ಕೆ ಇರಲಿಲ್ಲ. ಓಡುವ ಗಾಡಿಯಲ್ಲಿ ನೇರವಾಗಿ ಒಂದಕ್ಕೆ ತಂದರೆ ಹಲ್ಲು ಹಲ್ಲಿಗೆ ಉಜ್ಜಿ ಕರಕರ ಶಬ್ದ. ಆಗುಂಬೆಯಂಥ ಘಾಟಿ ಹತ್ತುವಾಗ ತಿರುವಿನಲ್ಲಿ ಎರಡನೇ ಗೇರು ಎಳೆಯದಿದ್ದರೆ ಡಬಲ್ ಕ್ಲಚ್ ಮಾಡಲೇಬೇಕು: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಚೂರು ಆಕ್ಸಿಲರೇಟರ್, ಮತ್ತೆ ಕ್ಲಚ್, ಆಗ ಒಂದು. ಗಾಡಿ ಹಿಂದಕ್ಕೆ ಜಾರುವ ಮೊದಲೇ ಇಷ್ಟೂ ಮುಗಿಯಬೇಕು. ಹಳೆಯ ಡ್ರೈವರುಗಳ ಬಗ್ಗೆ ನನಗೆ ಇವತ್ತಿಗೂ ಗೌರವ ಇರುವುದು ಇದಕ್ಕಾಗಿ.

ಸ್ಟೀರಿಂಗ್ ಪಕ್ಕದ ಗೇರಿನದೇ ಆದ ತೊಂದರೆ ಬರುತ್ತಿದ್ದದ್ದು ಬಾನೆಟ್ಟಿನ ಕೆಳಗೆ. ಸ್ಟೀರಿಂಗ್ ಬುಡದಿಂದ ಗೇರ್ ಬಾಕ್ಸಿನವರೆಗೆ ಸರಳುಗಳು, ಕೀಲುಗಳು, ಬುಷ್‌ಗಳು. ಬುಷ್ ಸವೆದಂತೆ ಕೋಲು ಸಡಿಲವಾಗಿ ಎರಡು ಗೇರುಗಳ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಇಳಿದು, ಬಾನೆಟ್ ಎತ್ತಿ, ಸರಳನ್ನು ಕೈಯಿಂದಲೇ ಸರಿಸಿ ಬಿಡಿಸಬೇಕಿತ್ತು. ನೆಲದ ಗೇರಿಗೆ ಇಷ್ಟು ಸುತ್ತು ದಾರಿಯಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಬಿಡಿ ಸೀಟು, ನೆಲದ ಗೇರು. ಅಂಬಾಸಿಡರ್ ಕೂಡ 1990ರ ದಶಕದಲ್ಲಿ ಇಸುಜು ಎಂಜಿನ್ನಿನೊಂದಿಗೆ ಐದು ಗೇರು ಪಡೆದಾಗ ಕೋಲನ್ನು ನೆಲಕ್ಕಿಳಿಸಿತು.

ಈಗ ಹ್ಯುಂಡೈ ಐಯಾನಿಕ್ 5ರಂಥ ವಿದ್ಯುತ್ ಕಾರುಗಳಲ್ಲಿ ಅದು ಮತ್ತೆ ಸ್ಟೀರಿಂಗ್ ಪಕ್ಕಕ್ಕೆ ಬಂದಿದೆ. ಸರಳುಗಳಿಲ್ಲ, ತಿರುಗಿಸಿದರೆ ತಂತಿಯಲ್ಲಿ ಸಂಕೇತ ಹೋಗುತ್ತದೆ, ಅಷ್ಟೆ. ನಡುವಿನ ನೆಲ ಖಾಲಿಯಾಗಿದೆ. ಮೂರನೆಯವರಿಗೆ ಮಾತ್ರ ಮುಂದೆ ಸೀಟಿಲ್ಲ.