ಕಡಲಿಗೆ ಹೊರಟ ಮಕ್ಕಳಿಗೆ ಕಿವಿಮಾತು

ರಜೆಗೆ ಗೆಳೆಯರನ್ನೆಲ್ಲ ಕಟ್ಟಿಕೊಂಡು ಕುಂದಾಪುರದ ಕಡೆ ಬರುತ್ತೀರಂತೆ, ಕೇಳಿ ಖುಷಿಯಾಯಿತು. ಇರುವುದು ಒಂದೇ ದಿನವಾದರೆ ಮರವಂತೆಯಿಂದ ಬೈಂದೂರಿನ ತನಕ ಬೇಕಾದಷ್ಟಾಯಿತು. ಈ ತೀರದಲ್ಲೇ ಬೆಳೆದವನ ನಾಲ್ಕು ಮಾತು ಕೇಳಿಸಿಕೊಂಡು ಹೊರಡಿ.

• ಊರು ಕಡಿಮೆ ಮಾಡಿ, ಹೊತ್ತು ಜಾಸ್ತಿ ಕೊಡಿ. ಮಲ್ಪೆ, ಮರವಂತೆ, ಮುರುಡೇಶ್ವರ, ಗೋಕರ್ಣ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಕಾಣುವುದು ಹೆದ್ದಾರಿ ಮಾತ್ರ. ಕುಂದಾಪುರದಿಂದ ಬೈಂದೂರಿಗೆ ಹೆಚ್ಚೆಂದರೆ 35 ಕಿಲೋಮೀಟರ್. ನಿಧಾನವಾಗಿ ಹೋಗಿ.

• ಬೆಳಿಗ್ಗೆ ಎಂಟರೊಳಗೆ ಮರವಂತೆ ಸೇರಿ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಎಲ್ಲರೂ ಕಡಲ ಕಡೆಗೇ ಮುಖ ಮಾಡಿ ನಿಲ್ಲುತ್ತಾರೆ. ನೀವು ಹೊಳೆಯ ಕಡೆಗೂ ತಿರುಗಿ. ಹೊಳೆಯ ನಡುವೆ ತೆಂಗು ತುಂಬಿದ ಕುದ್ರುಗಳು, ಅಂದರೆ ನಡುಗಡ್ಡೆಗಳು, ಅವುಗಳಾಚೆ ಘಟ್ಟದ ಸಾಲು. ಕಡಲಿಗೆ ಕೂಗಳತೆಯಷ್ಟು ಹತ್ತಿರ ಬಂದ ಈ ಹೊಳೆ ಇಲ್ಲಿ ಕಡಲು ಸೇರುವುದಿಲ್ಲ. ತೆಂಕಕ್ಕೆ ತಿರುಗಿ ಗಂಗೊಳ್ಳಿಯ ಅಳಿವೆಯವರೆಗೂ ಹರಿಯುತ್ತದೆ.

• ರಸ್ತೆಯ ಮೇಲೆ ನಿಂತು ಫೋಟೋ ಬೇಡ. ಅದು ರಾಷ್ಟ್ರೀಯ ಹೆದ್ದಾರಿ 66, ಲಾರಿಗಳು ಬಿರುಸಾಗಿ ಬರುತ್ತವೆ. ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ದಡಕ್ಕೆ ಹಾಕಿರುವ ಬಂಡೆಗಳ ಮೇಲೆ ಪಾಚಿ ಕಟ್ಟಿರುತ್ತದೆ, ಹತ್ತಬೇಡಿ.

• ನೀರಿಗಿಳಿಯುವ ಮೊದಲು ಊರವರನ್ನು ಕೇಳಿ. ಬಲೆ ಬಿಡಿಸುತ್ತ ಕೂತ ಮೀನುಗಾರರಿಗೆ ಆ ದಿನದ ನೀರಿನ ಸೆಳೆತ ಗೊತ್ತಿರುತ್ತದೆ. ಅವರು ಬೇಡವೆಂದರೆ ಬೇಡ. ಮಳೆಗಾಲದಲ್ಲಂತೂ ಕಾಲು ತೋಯಿಸುವ ಆಸೆಯನ್ನೂ ಬಿಡಿ.

• ತಣ್ಣಗೆ ಕಾಣುವ ನೀರನ್ನು ನಂಬಬೇಡಿ. ತೆರೆಗಳು ದಡಕ್ಕೆ ತಂದ ನೀರು ಹಿಂದಕ್ಕೆ ಹೋಗಲೇಬೇಕಲ್ಲ, ಒಂದು ಓಣಿ ಹಿಡಿದು ಒಳಕ್ಕೆ ನುಗ್ಗುತ್ತದೆ. ಆ ಜಾಗದಲ್ಲಿ ತೆರೆ ಒಡೆಯುವುದು ಕಡಿಮೆ, ನೀರಿನ ಬಣ್ಣ ಕಪ್ಪಗೆ. ಗೊತ್ತಿಲ್ಲದವರು ಇದೇ ಒಳ್ಳೆಯದೆಂದು ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡಕ್ಕೆ ನೇರ ಈಜಿ ಸುಸ್ತಾಗಬೇಡಿ. ತೇಲಿಕೊಂಡು ಕೈಯೆತ್ತಿ ಕೂಗಿ. ಈಜು ಬಂದರೆ ದಡದ ಗುಂಟ ಅಡ್ಡಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡದತ್ತ ತಿರುಗಿ.

• ಮುಳುಗುವವರ ಹಿಂದೆ ಹಾರಬೇಡಿ. ಹಗ್ಗ, ಖಾಲಿ ಕ್ಯಾನ್, ತೇಲುವ ಏನಾದರೂ ಎಸೆಯಿರಿ. ಜೀವರಕ್ಷಕರನ್ನು ಕೂಗಿ, 112ಕ್ಕೆ ಫೋನ್ ಮಾಡಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಮಳೆಗಾಲ ಮುಗಿದು ತಿಂಗಳುಗಳಾದ ಮೇಲೂ ಕಡಲು ಹೀಗೆ ಮಾಡಬಲ್ಲದು, ನೆನಪಿಡಿ.

• ಮಧ್ಯಾಹ್ನ ಬಿಸಿಲಿಗೆ ಬೀಳಬೇಡಿ. ಹನ್ನೆರಡರಿಂದ ಮೂರರವರೆಗೆ ಹೊಯ್ಗೆ ಕಾದ ಕಾವಲಿ. ಆ ಹೊತ್ತನ್ನು ಊಟಕ್ಕಿಡಿ. ಮೀನು ತಿನ್ನುವವರು ಇವತ್ತು ಯಾವುದು ತಾಜಾ ಬಂದಿದೆ ಎಂದು ಕೇಳಿ ಅದನ್ನೇ ಹೇಳಿ. ತಿನ್ನದವರಿಗೆ ನೀರುದೋಸೆ, ಗೋಳಿಬಜೆ ಇದ್ದೇ ಇದೆ. ದಾಹಕ್ಕೆ ಎಳನೀರು, ಪುನರ್ಪುಳಿ ಶರಬತ್ತು.

• ಸಂಜೆ ಒತ್ತಿನೆಣೆಗೆ ಮೀಸಲು. ಬೈಂದೂರಿನ ಈ ಗುಡ್ಡದ ಮೇಲಿಂದ ಸೋಮೇಶ್ವರ ದೇವಸ್ಥಾನದ ಬದಿಯ ತೀರ ಉದ್ದಕ್ಕೂ ಕಾಣುತ್ತದೆ. ಡಿಸೆಂಬರ್‌ನಲ್ಲಿ ಆರೂಕಾಲರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ, ಐದಕ್ಕೇ ಅಲ್ಲಿರಿ. ಕಡಿದಾದ ಅಂಚಿಗೆ ಹೋಗಬೇಡಿ.

• ಇದು ಜನ ಬದುಕುವ ಊರು. ಒಣಗಲು ಹರವಿದ ಬಲೆ ತುಳಿಯಬೇಡಿ, ದೋಣಿ ಹತ್ತಿ ಕೂರಬೇಡಿ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ. ಒಡೆದ ಬಾಟಲಿಯೊಂದು ಹೊಯ್ಗೆಯಲ್ಲಿ ಹೂತರೆ ಮಾರನೆಯ ಬೆಳಿಗ್ಗೆ ಬರಿಗಾಲಲ್ಲಿ ಬಲೆ ಎಳೆಯುವವರಿಗೆ ಚುಚ್ಚುತ್ತದೆ. ನಿಮ್ಮ ಕಸ ನಿಮ್ಮ ಚೀಲಕ್ಕೇ ಹೋಗಲಿ.

• ಗಾಡಿ ಓಡಿಸುವವನನ್ನು ಮರೆಯಬೇಡಿ. ಅವನಿಗೂ ಬಿಸಿಲು, ಸುಸ್ತು ಎಲ್ಲ ಇದೆ. ಅವನು ಕುಡಿಯುವ ಹಾಗಿಲ್ಲ, ಕುಡಿದವನ ಕೈಗೆ ಕೀ ಕೊಡುವ ಹಾಗೂ ಇಲ್ಲ.

ಗುಂಪಿನಲ್ಲಿ ಒಬ್ಬರು "ನಾನು ನೀರಿಗೆ ಬರುವುದಿಲ್ಲ" ಎಂದರೆ ಗೇಲಿ ಮಾಡಿ ಎಳೆದುಕೊಂಡು ಹೋಗಬೇಡಿ. ಹೆದರುವ ಗೆಳೆಯನ ಮಾತಿಗೆ ಬೆಲೆ ಕೊಡುವ ಗುಂಪು ಎಲ್ಲಿಗೆ ಹೋದರೂ ಸುಖವಾಗಿ ತಿರುಗಿ ಬರುತ್ತದೆ. ಹೋಗಿ ಬನ್ನಿ, ಹೊರಡುವ ಮುಂಚೆ ಮನೆಗೊಂದು ಫೋನ್ ಮಾಡಿ.