ಇದ್ದಿಲಿನ ಒಡಲಲ್ಲಿ ವಿದ್ಯುತ್ತು

ಗಿರಣಿಯಲ್ಲಿ ದುಡಿಯುವ ನಮಗೆ ‘ಕೆಪ್ಯಾಸಿಟರ್’ ಎಂಬ ಮಾತು ಹೊಸದಲ್ಲ. ಪವರ್ ಫ್ಯಾಕ್ಟರ್ ಕುಸಿದು ವಿದ್ಯುತ್ ಬಿಲ್ಲಿನಲ್ಲಿ ದಂಡ ಬೀಳದಿರಲೆಂದು ಸಬ್‌ಸ್ಟೇಷನ್ನಿನಲ್ಲಿ ಅವುಗಳ ಸಾಲನ್ನೇ ಇಟ್ಟಿರುತ್ತಾರೆ. ಕನ್ನಡ ಪುಸ್ತಕಗಳಲ್ಲಿ ಇದಕ್ಕೆ ಧಾರಕವೆಂದು ಹೆಸರು. ಈ ವಂಶದಲ್ಲಿ ಹುಟ್ಟಿದ ಹೊಸ ಕೂಸು ಸೂಪರ್‌ಕೆಪ್ಯಾಸಿಟರ್, ಮಹಾಧಾರಕವೆನ್ನೋಣ. ಅದರಲ್ಲಿ ಇದ್ದಿಲಿಗೇನು ಕೆಲಸ, ಅದರಿಂದ ಏನಾದೀತು, ಏನಾಗದು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಸಾಧಾರಣ ಧಾರಕದಲ್ಲಿ ಎರಡು ಲೋಹದ ಹಾಳೆಗಳು. ನಡುವೆ ವಿದ್ಯುತ್ತು ಹರಿಯಗೊಡದ ತೆಳುವಾದ ಪದರ. ಒಂದು ಹಾಳೆಯಲ್ಲಿ ಧನ ವಿದ್ಯುತ್ತು, ಇನ್ನೊಂದರಲ್ಲಿ ಋಣ ವಿದ್ಯುತ್ತು ನಿಲ್ಲುತ್ತದೆ. ಹಾಳೆಯ ಹರವು ಹೆಚ್ಚಿದಷ್ಟೂ, ನಡುವಣ ಅಂತರ ತಗ್ಗಿದಷ್ಟೂ ಧಾರಕದ ಹಿಡಿತ ಹೆಚ್ಚು. ಇವೆರಡನ್ನೇ ನೆನಪಿಟ್ಟರೆ ಸಾಕು, ಮುಂದಿನದೆಲ್ಲ ಸುಲಭ.

ಮಹಾಧಾರಕದಲ್ಲಿ ಎರಡು ಹಾಳೆಗಳಿಗೂ ಇದ್ದಿಲಿನ ಲೇಪ ಕೊಟ್ಟು, ಅಯಾನುಗಳುಳ್ಳ ದ್ರವದಲ್ಲಿ ನೆನೆಸಿರುತ್ತಾರೆ. ವಿದ್ಯುತ್ತು ತುಂಬಿದಾಗ ಋಣ ಅಯಾನುಗಳು ಧನ ಹಾಳೆಯ ಮೈಗೂ, ಧನ ಅಯಾನುಗಳು ಋಣ ಹಾಳೆಯ ಮೈಗೂ ಹೋಗಿ ಒತ್ತಿ ನಿಲ್ಲುತ್ತವೆ. ಅವುಗಳಿಗೂ ಇದ್ದಿಲಿಗೂ ನಡುವಣ ಅಂತರ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿನ ಆಸುಪಾಸು. ಈ ಜೋಡಿ ಪದರದ ಕಲ್ಪನೆಯನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1853ರಲ್ಲಿಯೇ ಮುಂದಿಟ್ಟರು.

ಅಂತರ ತಗ್ಗಿತು, ಇನ್ನು ಹರವು. ತೆಂಗಿನ ಕರಟವನ್ನು ಗಾಳಿ ತಾಗದಂತೆ ಸುಟ್ಟು ಇದ್ದಿಲು ಮಾಡಿ, 800–900 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ನೀರಾವಿ ಹಾಯಿಸಿದರೆ ಇದ್ದಿಲಿನ ಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಹೀಗೆ ಚುರುಕುಗೊಂಡ ಒಂದು ಗ್ರಾಂ ಇದ್ದಿಲಿನ ಒಳಮೈ 1000 ಚದರ ಮೀಟರ್ ಮೀರಬಲ್ಲದು. ಊರ ಕಡೆಯ ಮೂವತ್ತು-ನಲವತ್ತರ ನಿವೇಶನಗಳು ಸುಮಾರು ಒಂಬತ್ತು ಸೇರಿದಷ್ಟಾಯಿತು! ರಂಧ್ರ ತೀರ ಕಿರಿದಾದರೆ ಅಯಾನು ಒಳಹೋಗದು; ತೀರ ಅಗಲವಾದರೆ ಹರವು ನಷ್ಟ. ಬೂದಿ, ಕಬ್ಬಿಣದ ಕಲ್ಮಷ ಉಳಿದರೆ ತುಂಬಿದ ವಿದ್ಯುತ್ತು ತಾನೇ ಸೋರುತ್ತದೆ. ಆದ್ದರಿಂದ ಒಲೆಯ ಇದ್ದಿಲು ಇಲ್ಲಿ ಸಲ್ಲದು.

ನೇಕಾರಿಕೆಯ ಊರಿನವರಿಗೆ ಇನ್ನೊಂದು ಸ್ವಾರಸ್ಯ. ಹತ್ತಿಯ ಅಥವಾ ವಿಸ್ಕೋಸಿನ ಬಟ್ಟೆಯನ್ನೂ ಹೀಗೆಯೇ ಇಂಗಾಲವಾಗಿಸಬಹುದು. ಹಾಸುಹೊಕ್ಕು ಕೆಡದೆ ಉಳಿಯುವುದರಿಂದ ಪುಡಿಯನ್ನು ಅಂಟು ಹಾಕಿ ಬಳಿಯಬೇಕಾದ ಕೆಲಸ ತಪ್ಪುತ್ತದೆ.

ಇದ್ದಿಲಿನ ವಿದ್ಯುದ್ಧ್ರುವವುಳ್ಳ ಧಾರಕಕ್ಕೆ 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಬೆಕರ್ ಪೇಟೆಂಟ್ ಪಡೆದರು. ನಮ್ಮ ಬೆಂಗಳೂರಿನಲ್ಲಿ ಸಿ. ಎನ್. ಆರ್. ರಾವ್ ಮತ್ತು ಸಂಗಡಿಗರು ಇಂಗಾಲದ ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಯಾದ ಗ್ರಾಫೀನನ್ನು ಪರೀಕ್ಷಿಸಿ, ಗ್ರಾಂ ಒಂದಕ್ಕೆ 117 ಫ್ಯಾರಡ್‌ವರೆಗೆ ದೊರೆತುದನ್ನು 2008ರಲ್ಲಿ ಪ್ರಕಟಿಸಿದರು. ಅಹಮದಾಬಾದಿನ ಗಿರಣಿ ಮನೆತನದಲ್ಲಿ 1919ರಲ್ಲಿ ಹುಟ್ಟಿದ ವಿಕ್ರಂ ಸಾರಾಭಾಯಿಯವರ ಹೆಸರು ಹೊತ್ತ ತಿರುವನಂತಪುರದ ಬಾಹ್ಯಾಕಾಶ ಕೇಂದ್ರವು ರೂಪಿಸಿದ ತಂತ್ರವನ್ನು ಆಧರಿಸಿ, ಕಣ್ಣೂರಿನ ಕೆಲ್ಟ್ರಾನ್ ಕಾರ್ಖಾನೆಯಲ್ಲಿ 2024ರಲ್ಲಿ ಮಹಾಧಾರಕಗಳ ತಯಾರಿಕೆ ಆರಂಭವಾಯಿತು.

ಹಾಗಾದರೆ ಬ್ಯಾಟರಿಯ ಕಾಲ ಮುಗಿಯಿತೇ? ಲೆಕ್ಕ ನೋಡೋಣ. 3000 ಫ್ಯಾರಡ್, 2.7 ವೋಲ್ಟಿನ ಒಂದು ಮಹಾಧಾರಕದ ತೂಕ ಸುಮಾರು ಅರ್ಧ ಕಿಲೋ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ಫ್ಯಾರಡ್‌ನಿಂದ ಗುಣಿಸಿ, ಅರ್ಧ ಮಾಡಿದರೆ 10,935 ಜೂಲ್. ಅಂದರೆ ಸುಮಾರು 3 ವ್ಯಾಟ್-ಗಂಟೆ. 10 ವ್ಯಾಟಿನ ದೀಪ ಹದಿನೆಂಟು ನಿಮಿಷ ಉರಿದೀತು, ಅಷ್ಟೇ. ಅಷ್ಟೇ ತೂಕದ ಲಿಥಿಯಂ ಬ್ಯಾಟರಿ ಇದರ ಇಪ್ಪತ್ತು-ಮೂವತ್ತು ಪಟ್ಟು ಶಕ್ತಿ ಹಿಡಿದೀತು.

ಬ್ಯಾಟರಿಯು ಜೋಳದ ಹಗೇವಿನಂತೆ: ತುಂಬ ಹಿಡಿಯುತ್ತದೆ, ತುಂಬುವುದಕ್ಕೂ ತೆಗೆಯುವುದಕ್ಕೂ ಹೊತ್ತು ಬೇಕು. ಮಹಾಧಾರಕವು ಅಡಿಗೆಮನೆಯ ಗಡಿಗೆಯಂತೆ: ಹಿಡಿಯುವುದು ಕಡಿಮೆ, ಆದರೆ ಕೈಗೆ ತಕ್ಷಣ ಸಿಗುತ್ತದೆ. ಒಳಗೆ ರಾಸಾಯನಿಕ ಬದಲಾವಣೆಯಿಲ್ಲದ ಕಾರಣ ಲಕ್ಷಗಟ್ಟಲೆ ಬಾರಿ ತುಂಬಿ ಬರಿದು ಮಾಡಬಹುದು. ಬಸ್ಸಿನ ಬ್ರೇಕಿನಲ್ಲಿ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಡಲು, ಕರೆಂಟು ಹೋದಾಗ ಗಾಳಿಯಂತ್ರದ ರೆಕ್ಕೆಗಳನ್ನು ತಿರುಗಿಸಿ ಗಾಳಿಯ ಹೊಡೆತದಿಂದ ಕಾಪಾಡಲು ಇದೇ ತಕ್ಕದ್ದು. ಆದರೆ ಇದು ನೇರ ಪ್ರವಾಹದ, ಕಡಿಮೆ ವೋಲ್ಟಿನ ವಸ್ತು. ಗಿರಣಿಯ ಪವರ್ ಫ್ಯಾಕ್ಟರ್ ಧಾರಕದ ಬದಲು ಇದನ್ನು ಜೋಡಿಸಲಾಗದು. ಬ್ಯಾಟರಿಗೆ ಪೂರ್ತಿ ಬದಲಿಯೆಂದು ಯಾರಾದರೂ ಮಾರಲು ಬಂದರೆ ತೂಕ, ವೋಲ್ಟು, ಫ್ಯಾರಡ್ ಕೇಳಿ ಮೇಲಿನ ಲೆಕ್ಕ ಹಾಕಿರಿ. ಕಷ್ಟಪಟ್ಟ ದುಡ್ಡು ಉಳಿದೀತು.

ಎಲ್ಲ ಧಾರಕಗಳಿಗೂ ಸಲ್ಲುವ ಎಚ್ಚರಿಕೆ ಒಂದಿದೆ. ಸ್ವಿಚ್ಚು ತೆಗೆದ ಮಾತ್ರಕ್ಕೆ ಧಾರಕ ಬರಿದಾಗುವುದಿಲ್ಲ. ಗಿರಣಿಯ ಧಾರಕ ಪ್ರಾಣ ತೆಗೆದೀತು. ಮಹಾಧಾರಕದ ಎರಡು ತುದಿಗಳಿಗೆ ಪಾನೆ ತಾಗಿದರೆ ಕಿಡಿಹಾರಿ ಲೋಹವೇ ಕರಗೀತು. ತಿಳಿದವರು ಬರಿದು ಮಾಡಿ, ಮೀಟರಿನಲ್ಲಿ ನೋಡಿದ ಹೊರತು ಕೈ ಹಾಕಬಾರದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಹಿರಿಯರು ಇದನ್ನು ಮೊದಲ ದಿನವೇ ಹೇಳಬೇಕು.

ಅಭ್ಯಾಸ: ಮೇಲೆ ಹೇಳಿದ ಮಹಾಧಾರಕದ ವೋಲ್ಟು 2.7ರಿಂದ 1.35ಕ್ಕೆ ಇಳಿದಾಗ ಶಕ್ತಿಯಲ್ಲಿ ಎಷ್ಟು ಪಾಲು ಖರ್ಚಾಗಿರುತ್ತದೆ? ಅರ್ಧವೆಂದು ಅವಸರದಿಂದ ಬರೆಯದೆ, ಗುಣಿಸಿ ನೋಡಿ. ಮುಕ್ಕಾಲು ಪಾಲೆಂದು ತಿಳಿದೀತು.